ಕಾರ್-ಟಿ ವಾರ್ಡಿನಲ್ಲಿ ದಿನಾ ಒಂದು ವಾಕ್ಯ ಬರೆಸುವುದು ಯಾಕೆ?

"ಡಾಕ್ಟ್ರೇ, ಇಮ್ಯುನಿಟಿ ಜಾಸ್ತಿ ಆದ್ರೆ ಕ್ಯಾನ್ಸರ್ ಹೋಗುತ್ತಂತೆ, ಅಮೃತಬಳ್ಳಿ ಕಷಾಯ ಕೊಡ್ತಾ ಇದೀವಿ" ಅನ್ನುವವರು ಒಪಿಡಿಯಲ್ಲಿ ಸಿಗುತ್ತಲೇ ಇರುತ್ತಾರೆ. ಬೈಯಲ್ಲ, ಪಾಪ. ಆದರೆ ತೊಂದರೆ ಇರೋದು ಶಕ್ತಿಯದ್ದಷ್ಟೇ ಅಲ್ಲ. ಕ್ಯಾನ್ಸರ್ ಕೋಶ ನಮ್ಮ ಮೈಯಲ್ಲೇ ಹುಟ್ಟಿದ್ದು, ಹೊರಗಿಂದ ಬಂದ ರೋಗಾಣು ಅಲ್ಲ. ಹಾಗಾಗಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳಾದ ನಮ್ಮ ಟಿ ಕೋಶಗಳಿಗೆ ಎಷ್ಟೋ ಸಲ ಅದರ ಗುರುತೇ ಹತ್ತುವುದಿಲ್ಲ.

ಕಾರ್-ಟಿ ಅನ್ನುವ ಚಿಕಿತ್ಸೆ ಮಾಡುವುದು ಆ ಗುರುತು ಹಿಡಿಸುವ ಕೆಲಸ. ಪ್ಲೇಟ್‌ಲೆಟ್ ದಾನಕ್ಕೆ ಬಳಸುವಂಥದ್ದೇ ಯಂತ್ರದಲ್ಲಿ ರೋಗಿಯ ರಕ್ತ ಹರಿಸಿ, ಬೇಕಾದ ಬಿಳಿ ಕೋಶಗಳನ್ನು ಇಟ್ಟುಕೊಂಡು, ಉಳಿದದ್ದನ್ನು ಮೈಗೇ ವಾಪಸ್ ಕೊಡುತ್ತೇವೆ. ಲ್ಯಾಬ್‌ನಲ್ಲಿ ಟಿ ಕೋಶಗಳ ಒಳಗೆ ಹೊಸ ಜೀನ್ ಸೇರಿಸಿ, ಕೆಲವು ರಕ್ತದ ಕ್ಯಾನ್ಸರ್ ಕೋಶಗಳ ಮೈಮೇಲಿರುವ ಸಿಡಿ19 ಅನ್ನುವ ಗುರುತು ಕಂಡ ಕಡೆ ಮೇಲೆ ಬೀಳುವ ಹಾಗೆ ಮಾಡಿ, ಕೋಟಿಗಟ್ಟಲೆ ಬೆಳೆಸಿ ಕಳಿಸುತ್ತಾರೆ. ಕೆಲವು ವಾರ ಹಿಡಿಯುತ್ತದೆ. ಆಮೇಲೆ ಸ್ವಲ್ಪ ಕೀಮೋ, ನಂತರ ಆ ಚಿಕ್ಕ ಚೀಲ. ಡ್ರಿಪ್ ಬೇಗನೇ ಮುಗಿಯುತ್ತದೆ. "ಇಷ್ಟೇನಾ?" ಅಂತಾರೆ ಮನೆಯವರು.

ಅಸಲಿ ಕೆಲಸ ಶುರುವಾಗುವುದೇ ಆಮೇಲೆ. ಕೋಶಗಳು ಮೈಯೊಳಗೆ ಮತ್ತೆ ದುಪ್ಪಟ್ಟಾಗುತ್ತಾ ಹೋದಂತೆ ಜ್ವರ ಏರುತ್ತದೆ, ಬಿಪಿ ಇಳಿಯುತ್ತದೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿ ಹೀಗೇ ವೆಂಟಿಲೇಟರ್‌ ಸೇರಿದ್ದಳು. ಅವಳನ್ನು ಉಳಿಸಿದ್ದು ಟೊಸಿಲಿಜುಮಾಬ್, ಸಂಧಿವಾತಕ್ಕೆ ಕೊಡುವ ಔಷಧ! ಈಗ ಅದನ್ನು ಮೊದಲೇ ತರಿಸಿಟ್ಟುಕೊಂಡೇ ಕೋಶ ಕೊಡುತ್ತೇವೆ.

ಇನ್ನೊಂದು ಅಪಾಯ ಮೆದುಳಿನದ್ದು. ಅದಕ್ಕೇ ದಿನಾ ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಸುತ್ತೇವೆ, ನೂರರಿಂದ ಹತ್ತು ಹತ್ತು ಕಮ್ಮಿ ಮಾಡುತ್ತಾ ಎಣಿಸಿ ಅಂತೀವಿ. ನಿನ್ನೆ ದುಂಡಗಿದ್ದ ಅಕ್ಷರ ಇವತ್ತು ಸೊಟ್ಟಗಾಗಿ, ಒತ್ತಕ್ಷರ ಎಲ್ಲೋ ಜಾರಿ, ಸಾಲು ಕೆಳಗಿಳಿದಿದ್ದರೆ, ರೋಗಿ "ನಾನು ಚೆನ್ನಾಗೇ ಇದೀನಿ" ಅಂದರೂ ನಾವು ಸುಮ್ನೆ ಕೂರಲ್ಲ. ಕೂಡಲೇ ಪೂರ್ತಿ ಪರೀಕ್ಷೆ ಮಾಡುತ್ತೇವೆ, ಬೇಕಾದರೆ ಸ್ಟೀರಾಯ್ಡ್ ಶುರು ಮಾಡುತ್ತೇವೆ. ಸ್ಕ್ಯಾನ್‌ಗಿಂತ ಮೊದಲು ಆ ಹಾಳೆಯೇ ಹೇಳಿಬಿಡುವುದುಂಟು.

ಎಲ್ಲ ಕ್ಯಾನ್ಸರ್‌ಗೂ ಆಗುತ್ತಾ? ಇಲ್ಲ. ಇಲ್ಲಿ ಸಿಗುವ ಸಿಡಿ19 ಕಾರ್-ಟಿ ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ ಮಾತ್ರ, ಅದೂ ರೋಗ ಮರುಕಳಿಸಿದಾಗ ಅಥವಾ ಬೇರೆ ಚಿಕಿತ್ಸೆಗೆ ಬಗ್ಗದಿದ್ದಾಗ. ಅಮೆರಿಕದಲ್ಲಿ 2017ರಲ್ಲಿ ಇದು ಬಂದಾಗ ಬೆಲೆ 4,75,000 ಡಾಲರ್. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಅನ್ನುವ ಕಾರ್-ಟಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು, ಆಗ ಬೆಲೆ ಸುಮಾರು 40 ಲಕ್ಷ ರೂಪಾಯಿ. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಅನ್ನುವ ಇನ್ನೊಂದು ಕಾರ್-ಟಿ ಬಂತು. ಕಮ್ಮಿ ಆಯ್ತು ನಿಜ, ಆದರೂ ಅಡಿಕೆ ತೋಟ ಮಾರಲಾ ಅಂತ ಕೇಳುವವರಿಗೆ ನಾನು ಹೂಂ ಅನ್ನುವ ಮೊದಲು ರಿಪೋರ್ಟ್ ಎರಡು ಸಲ ಓದುತ್ತೇನೆ, ಯಾಕಂದರೆ ಎಲ್ಲರಿಗೂ ಇದು ಹಿಡಿಯುವುದಿಲ್ಲ, ಹಿಡಿದವರಲ್ಲೂ ಕೆಲವರಿಗೆ ರೋಗ ವಾಪಸ್ ಬರುತ್ತದೆ.

ಡಿಸ್ಚಾರ್ಜ್ ಆದಮೇಲೂ ಕೆಲವು ವಾರ ಆಸ್ಪತ್ರೆ ಹತ್ತಿರವೇ ರೂಮ್ ಮಾಡಿಕೊಂಡಿರಿ, ಗಾಡಿ ಓಡಿಸಬೇಡಿ. ಸಿಡಿ19 ಇರುವ ಒಳ್ಳೆಯ ಬಿ ಕೋಶಗಳೂ (ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಬಿಳಿ ಕೋಶಗಳು) ಸತ್ತಿರುತ್ತವೆ, ಸೋಂಕು ಸುಲಭವಾಗಿ ತಗಲುತ್ತದೆ. ರಾತ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, ಫೋನ್ ಮಾಡಿ ಹೊರಟುಬಿಡಿ.