ಟಿವಿ ದೊಡ್ಡದು ಬೇಕು ಅಂತೀರಿ, ಬೋಟಿನ ಅಡಿ ನೋಡಿದ್ದೀರಾ?

ಬೋಟುಗಳಿಗೆ ಜಿಪಿಎಸ್ ಮತ್ತು ಫಿಶ್ ಫೈಂಡರ್, ಅಂದರೆ ನೀರಿಗೆ ಶಬ್ದ ಬಿಟ್ಟು ಅದರ ಮರುದನಿಯಿಂದ ಮೀನು ತೋರಿಸುವ ಮಷಿನ್, ಕೂರಿಸುವವನು ನಾನು. ಆಗಸ್ಟ್ ಮೊದಲ ವಾರ ನನ್ನ ಫೋನಿಗೆ ಬಿಡುವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ಮಲ್ಪೆಯ ದಕ್ಕೆಯಲ್ಲಿ ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ರಜೆ ಮುಗಿದು ಮೊದಲ ಟ್ರಿಪ್ಪಿಗೆ ಹೊರಟವರು ಅಳಿವೆಬಾಗಿಲು ದಾಟಿ ಹತ್ತು ಮಾರು ನೀರಿಗೆ ಹೋಗುವಷ್ಟರಲ್ಲಿ ಕರೆ ಬರುತ್ತದೆ.

"ಫಿಶ್ ಫೈಂಡರ್ ಹೋಯಿತು ಮಾರಾಯ್ರೆ. ಸಮುದ್ರದ ಅಡಿಯೇ ಕಾಣುವುದಿಲ್ಲ."

ನಾನು ಕೇಳುವುದು ಒಂದೇ ಮಾತು. "ಬೋಟಿನ ಅಡಿಗೆ ಪೇಂಟ್ ಹೊಡೆದವರು ಯಾರು?"

ಕಳೆದ ಸಲ ಹೀಗೆ ಫೋನ್ ಮಾಡಿದ ಮಾಲೀಕರೊಬ್ಬರು ಮಾತು ಮುಗಿಸುವ ಮೊದಲೇ ಹೊಸ ಹನ್ನೆರಡು ಇಂಚಿನ ಮಷಿನ್ ಹೇಳಿಬಿಟ್ಟಿದ್ದರು. ಈಗಿನದು ಏಳು ಇಂಚು, ಪಕ್ಕದ ಬೋಟಿನವರದ್ದು ಹನ್ನೆರಡು. ಅದೂ ಒಂದು ಕಾರಣ, ಅವರು ಹೇಳಲಿಲ್ಲ ಅಷ್ಟೆ. ಎರಡು ದಿನ ತಡೆಯಿರಿ ಎಂದೆ. ಬೋಟನ್ನು ಮತ್ತೆ ಮೇಲೆ ಎಳೆಸಿ, ಟಾರ್ಚ್ ಹಿಡಿದು ಅಡಿಗೆ ನುಗ್ಗಿದೆ. ಶಬ್ದ ಬಿಟ್ಟು, ವಾಪಸು ಬಂದದ್ದನ್ನು ಕೇಳಿಸಿಕೊಳ್ಳುವ ಟ್ರಾನ್ಸ್‌ಡ್ಯೂಸರ್ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಕೈಯಾಡಿಸಿ ಹುಡುಕಬೇಕಾಯಿತು. ಚಹಾದ ಸಾಸರಿನಷ್ಟು ಅಗಲದ ಅದರ ಮುಖದ ಮೇಲೆ ನಾಲ್ಕು ಕೋಟ್ ಪೇಂಟ್. ಕೆರೆದರೆ ಪದರ ಪದರವಾಗಿ ಬಂತು: ಕೆಂಪು, ಕಂದು, ಮತ್ತೆ ಕೆಂಪು. ಅದರ ಕೆಳಗೆ ಹಳೆಯ ವರ್ಷದ ಚಿಪ್ಪುಗಳು ಹಾಗೇ ಉಂಟು. ಚಿಪ್ಪನ್ನೂ ಕೆರೆಯದೆ ಮೇಲಿಂದ ಬಳಿದಿದ್ದಾನೆ ಪುಣ್ಯಾತ್ಮ.

ನೀರು ಕಾಗದದಲ್ಲಿ ನಿಧಾನವಾಗಿ ಉಜ್ಜಿ, ತೆಳ್ಳಗೆ ಒಂದು ಕೈ ವಾಟರ್ ಬೇಸ್ಡ್ ಆಂಟಿಫೌಲಿಂಗ್ (ಚಿಪ್ಪು ಹಿಡಿಯದಂತೆ ತಡೆಯುವ ಪೇಂಟ್) ಹಚ್ಚಿ ಇಳಿಸಿದೆವು. ಹಳೆಯ ಏಳು ಇಂಚಿನ ಮಷಿನ್ ಅಂದೇ ಸರಿಯಾಯಿತು. ಪೇಂಟ್ ತೆಗೆಯಲು ಥಿನ್ನರ್ ಮಾತ್ರ ಸುರಿಯಬೇಡಿ, ಕೆಲವು ಪ್ಲಾಸ್ಟಿಕ್ ಮುಖಗಳು ಅದರಲ್ಲಿ ಹಾಳಾಗುತ್ತವೆ. ಉಳಿಯಲ್ಲಿ ಕೆತ್ತುವುದೂ ಬೇಡ.

ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ಕ್ಯಾಬಿನ್ನಿನಲ್ಲಿರುವ ಟಿವಿ, ಅಂದರೆ ಮಷಿನ್ನಿನ ಪರದೆ, ಮೀನು ನೋಡುವುದಿಲ್ಲ. ಅದು ಅಡಿಯಲ್ಲಿರುವ ಟ್ರಾನ್ಸ್‌ಡ್ಯೂಸರ್ ಕೇಳಿಸಿಕೊಂಡದ್ದನ್ನು ಬರೆಯುತ್ತದೆ. ಅಡಿಯಲ್ಲಿರುವವನು ಕಿವುಡನಾದರೆ ಮೇಲಿರುವವನು ಏನು ಬರೆಯಬೇಕು? ಹೀಗಿದ್ದರೂ ಮಷಿನ್ ಕೊಳ್ಳಲು ಬರುವ ಹತ್ತರಲ್ಲಿ ಒಂಬತ್ತು ಮಂದಿ ಕೇಳುವುದು ಎಷ್ಟು ಇಂಚು, ಎಷ್ಟು ವ್ಯಾಟ್ ಅಂತ. ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂರಿಸುತ್ತೀರಿ ಎಂದು ಕೇಳುವವರು ಅಪರೂಪ.

ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 75 ಮೀಟರ್ ಆಳದ ಮೀನಿಗೆ ತಾಗಿ ವಾಪಸು ಬರಲು ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಸಾಕು. ಮೀನಿನ ಮಾಂಸ ಹೆಚ್ಚುಕಡಿಮೆ ನೀರಿನ ಹಾಗೆಯೇ, ಶಬ್ದ ಅದರೊಳಗೆ ನುಗ್ಗಿ ಹೋಗುತ್ತದೆ. ಚೆನ್ನಾಗಿ ತಾಗಿ ಬರುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ, ಅದು ಪರದೆಯಲ್ಲಿ ಕೆಂಪಗೆ ಕಾಣುತ್ತದೆ. ಬೊಂಡಾಸಿಗೆ (ಸ್ಕ್ವಿಡ್) ಗಾಳಿಚೀಲವೇ ಇಲ್ಲ, ಅದಕ್ಕೇ ಅದು ಮಸುಕಾಗಿ ಕಾಣುತ್ತದೆ. "ಬೊಂಡಾಸ್ ಕೆಂಪಗೆ ಕಾಣುವ ಮಷಿನ್ ಕೊಡಿ" ಅಂದರೆ ನಾನೆಲ್ಲಿಂದ ತರಲಿ?

ಅಂದರೆ ಮಷಿನ್ ಹುಡುಕುವುದು ಗಾಳಿಯನ್ನು. ಜಪಾನಿನ ನಾಗಸಾಕಿ ಕಡೆಯ ಫುರುನೊ ಅಣ್ಣತಮ್ಮಂದಿರು ಮೀನುಗಾರಿಕೆ ಬೋಟುಗಳಿಗೆ ಕರೆಂಟಿನ ಕೆಲಸ ಮಾಡಿಕೊಂಡಿದ್ದವರು. ಗುಳ್ಳೆ ಏಳುವಲ್ಲಿ ಮೀನಿರುತ್ತದೆ ಎಂಬ ಮೀನುಗಾರರ ಮಾತು ಹಿಡಿದು ಹೊರಟ ಅವರು 1948ರಲ್ಲಿ ಫಿಶ್ ಫೈಂಡರನ್ನು ಮಾರಾಟಕ್ಕೆ ತಂದರು. ನಮ್ಮಂಥದೇ ಕಸುಬಿನವರು ಅಂತ ನನಗೆ ಅವರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಈಗ ಯೋಚಿಸಿ. ಮೀನಿನೊಳಗಿನ ಬೆರಳಷ್ಟು ಗಾಳಿಯೇ ಅಷ್ಟು ಜೋರಾಗಿ ಕೇಳಿಸುವುದಾದರೆ, ಟ್ರಾನ್ಸ್‌ಡ್ಯೂಸರಿನ ಮುಖಕ್ಕೇ ಉಜ್ಜಿಕೊಂಡು ಹೋಗುವ ನೊರೆ ಏನು ಮಾಡುತ್ತದೆ? ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬೋಟ್ ನಿಂತಾಗ ಸಮುದ್ರದ ಅಡಿ ಚೆನ್ನಾಗಿ ಕಾಣುತ್ತದೆ, ಓಡುವಾಗ ಹರಿದ ಬಟ್ಟೆಯ ಹಾಗೆ ಕಾಣುತ್ತದೆ ಅಂದರೆ ಅದು ನೊರೆಯ ಕೆಲಸ. ಅದಕ್ಕೆ ವ್ಯಾಟ್ ಔಷಧಿಯಲ್ಲ. ಬೋಟಿನ ಫ್ಯಾನಿನ (ಪ್ರೊಪೆಲ್ಲರ್) ಹತ್ತಿರ ಬೇಡ, ಮುಂಭಾಗ ಅಲೆಗೆ ಬಡಿಯುವ ಜಾಗವೂ ಬೇಡ. ಸಾಮಾನ್ಯವಾಗಿ ಮೂತಿಯಿಂದ ಮೂರನೇ ಒಂದು ಭಾಗ ಮತ್ತು ಅರ್ಧದ ನಡುವೆ, ಅಡಿಯ ಬೆನ್ನೆಲುಬಾದ ಕೀಲಿನ ಪಕ್ಕ, ಅದರ ಮುಂದೆ ಪೈಪಿನ ಬಾಯಿ, ಏಣು ಯಾವುದೂ ಇಲ್ಲದ ಕಡೆ ನಾನು ಕೂರಿಸುತ್ತೇನೆ. ಸಾಮಾನ್ಯವಾಗಿ ಎಂದೆ. ನಿಮ್ಮ ಬೋಟಿನ ಅಡಿ ನೋಡದೆ ಇದೇ ಜಾಗ ಎಂದು ಹೇಳಲಾರೆ, ಫೋನಿನಲ್ಲಿ ಫೋಟೊ ಕಳಿಸಿದರೂ ಹೇಳಲಾರೆ.

ಕೇಬಲ್ ಉದ್ದ ಸಾಲಲಿಲ್ಲ ಅಂತ ಕತ್ತರಿಸಿ, ತಿರುಚಿ, ಟೇಪ್ ಸುತ್ತುವವರಿಗೆ ಕೈ ಮುಗಿದೆ. ಅದೇ ಕೇಬಲನ್ನು ಡೈನಮೊ ವಯರಿನ ಜೊತೆ ಕಟ್ಟು ಕಟ್ಟಿ ಎಳೆದರೆ ಪರದೆ ತುಂಬ ಚುಕ್ಕಿ. ಅದನ್ನು ಬೂತಾಯಿ ಮೀನು ಅಂದುಕೊಂಡು ಬಲೆ ಬಿಟ್ಟವರನ್ನೂ ಕಂಡಿದ್ದೇನೆ.

ಯಾವ ಬೋಟಿಗೆ ಯಾವುದು? ನಾಡದೋಣಿಗೆ ಐದೋ ಏಳೋ ಇಂಚಿನ, ಜಿಪಿಎಸ್ ಕೂಡಿಯೇ ಬರುವ ಮಷಿನ್, 200 ಕಿಲೋಹರ್ಟ್ಸ್ (ಬಿಡುವ ಶಬ್ದದ ಕಂಪನಾಂಕ) ಸಾಕು. ಫೈಬರ್ ದೋಣಿಯಾದರೆ ತೂತು ಕೊರೆಯದೆ ಒಳಗಿನಿಂದಲೇ ಅಂಟಿಸಬಹುದು, ಆದರೆ ಅಲ್ಲಿ ಫೈಬರಿನ ನಡುವೆ ಮರವೋ ಫೋಮೋ ಇರಬಾರದು. ಮರದ, ಕಬ್ಬಿಣದ ಬೋಟಿಗೆ ಈ ಉಪಾಯ ನಡೆಯುವುದಿಲ್ಲ. ನೂರು ಮೀಟರ್ ದಾಟಿ ಟ್ರಾಲ್ ಎಳೆಯುವವರಿಗೆ 50 ಮತ್ತು 200 ಎರಡೂ ಬೇಕು, ಒಂದು ಕಿಲೋವ್ಯಾಟ್ ಇದ್ದರೆ ಒಳ್ಳೆಯದು. ಕಿಲೋವ್ಯಾಟ್ ಮಷಿನ್ನಿಗೆ ಹಳೆಯ 600 ವ್ಯಾಟಿನ ಟ್ರಾನ್ಸ್‌ಡ್ಯೂಸರ್ ಸಿಕ್ಕಿಸಿ ದುಡ್ಡು ಉಳಿಸುತ್ತೇನೆ ಅನ್ನಬೇಡಿ. ಸುಟ್ಟುಹೋದ ಮೇಲೆ ಎರಡು ಪಟ್ಟು ಖರ್ಚು.

50 ಹೆಚ್ಚು ಆಳಕ್ಕೆ ಹೋಗುತ್ತದೆ, 50 ಮತ್ತು 200ರ ವ್ಯತ್ಯಾಸ ಅಷ್ಟು ಮಾತ್ರ ಅಂದುಕೊಂಡಿದ್ದಾರೆ ತುಂಬ ಮಂದಿ. ಅಗಲದ್ದೂ ಉಂಟು. ಸಾಮಾನ್ಯ 600 ವ್ಯಾಟಿನದ್ದರಲ್ಲಿ 200ರ ಕಿರಣ ಸುಮಾರು 12 ಡಿಗ್ರಿ, 50ರದ್ದು 45 ಡಿಗ್ರಿ. ಐವತ್ತು ಮೀಟರ್ ನೀರಿನಲ್ಲಿ ಮೊದಲನೆಯದು ನೆಲದ ಮೇಲೆ ಹತ್ತು ಮೀಟರ್ ಅಗಲ ನೋಡುತ್ತದೆ, ಎರಡನೆಯದು ನಲವತ್ತು ಮೀಟರ್. ಹಾಗಾಗಿ 50ರಲ್ಲಿ ಕಂಡ ಮೀನು ನಿಮ್ಮ ಕಾಲಡಿಯಲ್ಲೇ ಇರಬೇಕೆಂದಿಲ್ಲ, ಇಪ್ಪತ್ತು ಮೀಟರ್ ಬದಿಯಲ್ಲಿ ಇರಬಹುದು. 200ಕ್ಕೆ ಹಾಕಿದರೆ ಮಾಯವಾಗುತ್ತದೆ. ಆಗ ಮತ್ತೆ ನನಗೆ ಫೋನ್.

ಇನ್ನೊಂದು. ಪರದೆಯ ಬಲ ತುದಿಯ ಗೆರೆ ಮಾತ್ರ ಈಗಿನದ್ದು. ಉಳಿದದ್ದೆಲ್ಲ ದಾಟಿ ಬಂದದ್ದು. ಎಡಬದಿಯಲ್ಲಿ ಕೆಂಪು ಕಂಡಿತು ಎಂದು ಬೋಟನ್ನು ಎಡಕ್ಕೆ ತಿರುಗಿಸಿದವರಿದ್ದಾರೆ, ನಗಬೇಡಿ. ಬೋಟ್ ನಿಂತೇ ಇದ್ದರೆ ಅಡಿಯಲ್ಲಿ ಸುಮ್ನೆ ನಿಂತ ಒಂದೇ ಮೀನು ಪರದೆ ಉದ್ದಕ್ಕೂ ಗೆರೆ ಎಳೆದು ದೊಡ್ಡ ಗುಂಪಿನ ಹಾಗೆ ಕಾಣುತ್ತದೆ.

ಜಿಪಿಎಸ್ ವಿಷಯದಲ್ಲಿ ನನಗೆ ಅಷ್ಟು ತಕರಾರಿಲ್ಲ. ಈಗಿನ ಯಾವುದಾದರೂ ಒಳ್ಳೆಯದೇ. ಮೇಲೆ ಆಕಾಶ ಕಾಣುವಂತೆ ಆಂಟೆನಾ ಇರಲಿ, ಎಂಜಿನ್ ಸ್ಟಾರ್ಟ್ ಮಾಡುವಾಗ ಆಫ್ ಆಗದಂತೆ ಬ್ಯಾಟರಿಯಿಂದ ಪ್ರತ್ಯೇಕ ಲೈನ್ ಬರಲಿ, ಫ್ಯೂಸ್ ಇರಲಿ. ತಪ್ಪಾಗುವುದು ಜಾಗದ ಅಕ್ಷಾಂಶ, ರೇಖಾಂಶದ ನಂಬರ್ ಹಾಕುವಲ್ಲಿ.

ಆ ಮಾಲೀಕರು ದೀಪಾವಳಿ ಕಳೆದ ಮೇಲೆ ಹನ್ನೆರಡು ಇಂಚಿನದ್ದನ್ನು ತೆಗೆದುಕೊಂಡೇ ಬಿಟ್ಟರು. ಆಸೆ, ಏನು ಮಾಡುವುದು. ಹಳೆಯ ಮಷಿನ್ನಿನಿಂದ ಮಾರ್ಕುಗಳನ್ನು, ಅಂದರೆ ಗುರುತಿಟ್ಟ ಜಾಗಗಳನ್ನು, ಹೊಸದಕ್ಕೆ ಕಾಪಿ ಮಾಡಲು ಆಗಲಿಲ್ಲ, ಎರಡೂ ಬೇರೆ ಕಂಪನಿಯವು. ಬೋಟ್ ನಡೆಸುವ ತಾಂಡೇಲರು ತಲೆದಿಂಬಿನ ಕೆಳಗಿನಿಂದ ಪ್ಲಾಸ್ಟಿಕ್ ಸುತ್ತಿದ ನೋಟ್‌ಬುಕ್ ತೆಗೆದರು. ಕಲ್ಲು ಎಲ್ಲಿ, ಮುಳುಗಿದ ಬೋಟ್ ಎಲ್ಲಿ, ಯಾವ ತಿಂಗಳು ಎಲ್ಲಿ ರಾಣಿ ಮೀನು, ಎಲ್ಲ ಅದರಲ್ಲಿ. ಒಂದು ಕಲ್ಲಿನ ಮಾರ್ಕ್ ತಪ್ಪಿದರೆ ಲಕ್ಷದ ಬಲೆ ಹರಿಯುತ್ತದೆ, ಗೊತ್ತಲ್ವಾ?

"13, 20, 45" ಎಂದು ಓದಿದರು.

"ಇದು ಸೆಕೆಂಡಾ, ಪಾಯಿಂಟಾ ತಾಂಡೇಲರೇ?"

"ಎರಡೂ ಒಂದೇ ಅಲ್ವಾ?"

ಒಂದೇ ಅಲ್ಲ. 13 ಡಿಗ್ರಿ, 20 ಮಿನಿಟು ಸರಿ; ಕೊನೆಯ 45 ಸೆಕೆಂಡೋ, ಮಿನಿಟಿನ ಪಾಯಿಂಟ್ (ದಶಾಂಶ) ಭಾಗವೋ ಎಂಬುದೇ ಪ್ರಶ್ನೆ. 45 ಸೆಕೆಂಡ್ ಅಂದರೆ ಮುಕ್ಕಾಲು ಮಿನಿಟು, ಪಾಯಿಂಟ್ ಏಳು ಐದು. ಅದನ್ನು ಪಾಯಿಂಟ್ ನಾಲ್ಕು ಐದು ಎಂದು ಒತ್ತಿದರೆ ಅರ್ಧ ಕಿಲೋಮೀಟರಿಗೂ ಜಾಸ್ತಿ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ನಾನು ಪುಟ ತಿರುಗಿಸಿ ನೋಡಿದೆ. ಕೊನೆಯ ಸಂಖ್ಯೆ ಎಲ್ಲಿಯೂ 59 ದಾಟಿರಲಿಲ್ಲ, ಸೆಕೆಂಡೇ. ಎಲ್ಲಿಯಾದರೂ ಒಂದು 72 ಕಂಡಿದ್ದರೆ ಪಾಯಿಂಟ್ ಎನ್ನಬಹುದಿತ್ತು. ಮೊದಲ ಪುಟಗಳು 1998ರವು. 2000ದ ಮೇ ತಿಂಗಳವರೆಗೆ ಅಮೆರಿಕದವರು ಜನಸಾಮಾನ್ಯರಿಗೆ ಬಿಡುವ ಜಿಪಿಎಸ್ ಸಿಗ್ನಲ್ಲನ್ನು ಬೇಕೆಂದೇ ಕೆಡಿಸುತ್ತಿದ್ದರು, ಆಗಿನ ಮಾರ್ಕಿನಲ್ಲಿ ನೂರು ಮೀಟರ್ ಆಚೀಚೆ ಇರಬಹುದು. ಅದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಆ ಕಲ್ಲುಗಳು ಜಾಗ ಬದಲಿಸುತ್ತವೆ ಅಂತ ನಾವು ಆಗಲೇ ಹೇಳುತ್ತಿದ್ದೆವು" ಎಂದರು.

ಬೋಟಿನ ಕೆಲಸದ ಕಲಾಸಿಗಳನ್ನೆಲ್ಲ ಚಹಾಕ್ಕೆ ಕಳಿಸಿ, ಕ್ಯಾಬಿನ್ ಬಾಗಿಲು ಹಾಕಿ, ಸಣ್ಣ ದನಿಯಲ್ಲಿ ಓದುತ್ತಾ ಹೋದರು. ನಾನು ಮಷಿನ್ನಿಗೆ ಒತ್ತುತ್ತಾ ಹೋದೆ. ಮಧ್ಯಾಹ್ನ ಎರಡಾಯಿತು. ಒಂದು ಪುಟದಲ್ಲಿ ಕೆಂಪು ಶಾಯಿಯ ಮೂರು ಸಾಲು ಇದ್ದವು. ಅವುಗಳ ಮೇಲೆ ಹೆಬ್ಬೆರಳಿಟ್ಟು, ಓದದೆ, ಪುಟ ಮಗುಚಿದರು. ಮಾಲೀಕರಿಗೆ ನಾನೂ ಹೇಳಲಿಲ್ಲ.