ತುಕ್ಕು ಹಿಡಿದ ಬೋಲ್ಟಿನ ಒಳಗೆ ಏನಾಗಿರುತ್ತದೆ?

ಹಳೆಯ ಕಾರಿನ ಸೈಲೆನ್ಸರ್ ಬಿಚ್ಚಲು ಕೈಹಾಕಿದರೆ ಒಂದಾದರೂ ಬೋಲ್ಟು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರ ಬಿಡೋಣ ಅನ್ನಿಸುತ್ತದೆ. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ ಮಾಡಿ. 60 ಸೆಂ.ಮೀ. ಹಿಡಿಯ ತುದಿಗೆ 30 ಕೆ.ಜಿ. ಭಾರ ಬಿದ್ದರೆ ಬೋಲ್ಟಿನ ಮೇಲೆ ಸುಮಾರು 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೀಳುತ್ತದೆ. ತಲೆಯ ಮೇಲೆ 8.8 ಎಂದು ಬಲದ ದರ್ಜೆ ಅಚ್ಚಾಗಿರುವ 8 ಮಿ.ಮೀ. ಬೋಲ್ಟನ್ನು ಬಿಗಿಯಲು ಬೇಕಾದದ್ದು ಸುಮಾರು 25. ಅದರ ಎರಡು ಪಟ್ಟು ಮುಟ್ಟುವ ಹೊತ್ತಿಗೆ ತಲೆ ಕಿತ್ತು ಕೈಗೆ ಬಂದಿರುತ್ತದೆ.

ಬೋಲ್ಟನ್ನು ಹಿಡಿದಿಟ್ಟಿರುವುದು ಬಹುಪಾಲು ಘರ್ಷಣೆ. ಬಿಗಿಯುವಾಗ ಹಾಕುವ ಟಾರ್ಕಿನಲ್ಲಿ ಸರಿಸುಮಾರು ಅರ್ಧ ತಲೆಯ ಅಡಿಯ ತಿಕ್ಕಾಟಕ್ಕೆ, ಶೇ. 40ರಷ್ಟು ಥ್ರೆಡ್ಡುಗಳ (ಸುರುಳಿ ಏಣುಗಳ) ತಿಕ್ಕಾಟಕ್ಕೆ ಖರ್ಚಾಗುತ್ತದೆ. ಬೋಲ್ಟನ್ನು ಹಿಗ್ಗಿಸಿ ಎರಡು ಭಾಗಗಳನ್ನು ಒತ್ತಿಹಿಡಿಯಲು ಉಳಿಯುವುದು ಶೇ. 10 ಮಾತ್ರ. ಇದರ ಮೇಲೆ ತುಕ್ಕು ಬಂದು ಕೂರುತ್ತದೆ. ಕಬ್ಬಿಣ ಆಕ್ಸೈಡ್ ಆದರೆ ಮೊದಲಿದ್ದ ಲೋಹಕ್ಕಿಂತ ಎರಡು ಪಟ್ಟು ಜಾಗ ಬೇಡುತ್ತದೆ, ನೀರಿನಂಶ ಸೇರಿದ ತುಕ್ಕಿಗೆ ಇನ್ನೂ ಹೆಚ್ಚು ಬೇಕು. ಥ್ರೆಡ್ಡುಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ತುಕ್ಕು ಸುತ್ತಲಿನ ಲೋಹವನ್ನೇ ಒತ್ತಿ ಬೆಣೆಯಾಗಿ ನಿಲ್ಲುತ್ತದೆ. ಅಲ್ಯೂಮಿನಿಯಂನಲ್ಲಿ ಕೂತ ಉಕ್ಕಿನ ಬೋಲ್ಟಿನದು ಬೇರೆ ಕಥೆ. ಅಲ್ಲಿ ತೇವ ಸೇರಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಂಥ ಕ್ರಿಯೆ ನಡೆದು ಸವೆಯುವುದು ಅಲ್ಯೂಮಿನಿಯಂ. ಸಂದಿಯಲ್ಲಿ ಬಿಳಿ ಪುಡಿ ಕಂಡರೆ ಅದೇ ಗುರುತು.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಹಿಂದಿನ ದಿನ. ಹೊರಗೆ ಕಾಣುವ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಉಜ್ಜಿ, ಸಂದಿಗೆ ಜಿನುಗುವ ಎಣ್ಣೆ (ಪೆನೆಟ್ರೇಟಿಂಗ್ ಆಯಿಲ್) ಬಿಟ್ಟು, ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕಾರು ಪೆಟ್ಟು ಕೊಡಿ. ತುಕ್ಕು ಗಟ್ಟಿಯೇನೋ ಹೌದು, ಆದರೆ ಪೆಡಸು. ಪೆಟ್ಟಿಗೆ ಬಿರುಕು ಬಿಡುತ್ತದೆ, ಆ ಬಿರುಕಿನೊಳಕ್ಕೆ ಎಣ್ಣೆ ತಾನಾಗಿಯೇ ಏರುತ್ತದೆ. ಎಣ್ಣೆ ಬಿಟ್ಟು ಐದೇ ನಿಮಿಷಕ್ಕೆ ಸ್ಪ್ಯಾನರ್ ಹಾಕುವವರು ಎಣ್ಣೆಯನ್ನು ಬೈದು ಪ್ರಯೋಜನವಿಲ್ಲ. ಸಂಜೆ ಬಿಟ್ಟು, ರಾತ್ರಿ ಮತ್ತೊಮ್ಮೆ ಬಿಟ್ಟು, ಬೆಳಗ್ಗೆ ಬನ್ನಿ. ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ಬೋಲ್ಟಿನ ಅಂಚುಗಳನ್ನು ಬೇಗ ಉರುಟು ಮಾಡುತ್ತದೆ.

ಮೊದಲು ಬಿಗಿಯುವ ದಿಕ್ಕಿಗೇ ತುಸು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಇಲ್ಲಿ ಕಿವಿ ಮತ್ತು ಅಂಗೈ ಎರಡೂ ಬೇಕು. ‘ಟಕ್’ ಎಂದು ಸದ್ದಾಗಿ ಒಮ್ಮೆಗೇ ಜರುಗಿದರೆ ತುಕ್ಕು ಬಿಟ್ಟಿದೆ. ಸದ್ದಿಲ್ಲದೆ, ಮೇಣ ಹಿಂಡಿದಂತೆ ಮೆತ್ತಗೆ ತಿರುಗುತ್ತಿದ್ದರೆ ತಿರುಗುತ್ತಿರುವುದು ಥ್ರೆಡ್ ಅಲ್ಲ, ಬೋಲ್ಟಿನ ಕತ್ತು ತಿರುಚಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ. ಬಿಟ್ಟ ಬೋಲ್ಟನ್ನೂ ಒಂದೇ ಸಮ ಬಿಚ್ಚಬೇಡಿ. ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ, ನಡುವೆ ಎಣ್ಣೆ. ಪುಡಿಯಾದ ತುಕ್ಕು ಹೊರಬೀಳದೆ ಒಳಗೇ ಗಿಡಿದರೆ ಮತ್ತೆ ಜಾಮ್.

ಇದಕ್ಕೂ ಬಗ್ಗದ್ದಕ್ಕೆ ಶಾಖ. ಉಕ್ಕಿನ ನಟ್ಟನ್ನು ಬೋಲ್ಟಿಗಿಂತ 200 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ 10 ಮಿ.ಮೀ. ರಂಧ್ರ ಸುಮಾರು 0.024 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಿಯಂ ಆದರೆ ಹೆಚ್ಚುಕಡಿಮೆ ಅದರ ದುಪ್ಪಟ್ಟು. ಅಂಕಿ ಚಿಕ್ಕದು, ಆದರೆ ತುಕ್ಕಿನ ಹಿಡಿತ ತಪ್ಪಿಸಲು ಎಷ್ಟೋ ಸಲ ಅಷ್ಟು ಸಾಕು. ಆಮೇಲೆ ತಣಿಯುತ್ತಿರುವಾಗ ಮೇಣದಬತ್ತಿ ತಾಗಿಸಿದರೆ ಕರಗಿದ ಮೇಣ ಥ್ರೆಡ್ಡಿನೊಳಗೆ ಇಳಿಯುತ್ತದೆ. ಪೆಟ್ರೋಲ್ ಪೈಪು, ಬ್ರೇಕ್ ಹೋಸು, ರಬ್ಬರ್ ಬುಶ್, ಶಾಕ್ ಅಬ್ಸಾರ್ಬರುಗಳ ಹತ್ತಿರ ಬೆಂಕಿ ಬೇಡ. ಹಿಂದಿನ ದಿನ ಬಿಟ್ಟ ಎಣ್ಣೆಯನ್ನೂ ಮೊದಲು ಒರೆಸಿ ತೆಗೆಯಿರಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಿದ್ದ ಜಾಗಕ್ಕಂತೂ ಜ್ವಾಲೆ ತೋರಿಸಲೇಬಾರದು, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕೆಂಪಗೆ ಕಾದ ಬೋಲ್ಟಿನ ಗಟ್ಟಿತನ ಹೋಗಿರುತ್ತದೆ, ಅದನ್ನು ಮತ್ತೆ ಹಾಕಬೇಡಿ.

ಬೋಲ್ಟು ಮುರಿದೇ ಹೋಯಿತೆನ್ನಿ. ಉಳಿದ ತುಂಡಿನ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಲು ಸಾಧ್ಯವಾದರೆ ಅದೇ ಒಳ್ಳೆಯ ದಾರಿ, ಹಿಡಿತವೂ ಸಿಕ್ಕಿತು, ಶಾಖವೂ ಸಿಕ್ಕಿತು. ಇಲ್ಲದಿದ್ದರೆ ಮುರಿದ ಮುಖವನ್ನು ಅರದಿಂದ ಮಟ್ಟ ಮಾಡಿ, ಸರಿಯಾಗಿ ನಡುವಿಗೆ ಸೆಂಟರ್ ಪಂಚ್ ಹೊಡೆದು, 3 ಮಿ.ಮೀ. ಬಿಟ್‌ನಿಂದ ಶುರುಮಾಡಿ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಕೊರೆಯುತ್ತಿರುವಾಗಲೇ ತುಂಡು ಹೊರಬರುವುದುಂಟು. ಎಕ್ಸ್‌ಟ್ರಾಕ್ಟರ್ ಮೇಲೆ ಮಾತ್ರ ಅತಿ ನಂಬಿಕೆ ಬೇಡ. ತುಂಡಿನಲ್ಲಿ ಕೊರೆದ ರಂಧ್ರಕ್ಕೆ ಸಿಕ್ಕಿಸಿ ಅದನ್ನು ತಿರುಗಿಸಿ ತೆಗೆಯುವ ಈ ಕಡುಗಟ್ಟಿ ಉಕ್ಕಿನ ಸಾಧನ ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಮುಟ್ಟುವುದೂ ಇಲ್ಲ. 8 ಮಿ.ಮೀ. ಬೋಲ್ಟಿನಲ್ಲಿ (ಪಿಚ್, ಅಂದರೆ ಥ್ರೆಡ್ಡಿನ ಎರಡು ಏಣುಗಳ ನಡುವಿನ ಅಂತರ, 1.25 ಮಿ.ಮೀ.) ಹಂತಹಂತವಾಗಿ 6.8ರವರೆಗೆ ನಡುವಲ್ಲೇ ಕೊರೆದರೆ ಉಳಿಯುವುದು ಸುರುಳಿಯಂಥ ತೆಳು ಎಳೆ. ಅದನ್ನು ಚೂಪು ಮೊನೆಯಿಂದ ಎಳೆದು, ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಓಡಿಸಿ ಥ್ರೆಡ್ ಸ್ವಚ್ಛಗೊಳಿಸಬಹುದು. ಕೊರೆತ ಪಕ್ಕಕ್ಕೆ ಜಾರಿದ್ದರೆ ರಂಧ್ರ ದೊಡ್ಡದು ಮಾಡಿ ಥ್ರೆಡ್ ಇನ್ಸರ್ಟ್ (ಹೊಸ ಥ್ರೆಡ್ ಕೊಡುವ ಲೋಹದ ಸುರುಳಿ) ಕೂರಿಸಬೇಕು.

ವರ್ಷಗಟ್ಟಲೆ ನಿಂತು ಜಾಮ್ ಆದ ಎಂಜಿನ್ನಿಗೂ ಇದೇ ತಾಳ್ಮೆ ಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹೊರಗಿನ ಬೆಲ್ಟ್ ಕಳಚಿ ಮೊದಲು ಪರೀಕ್ಷಿಸಿ. ಕೆಲವೊಮ್ಮೆ ಜಾಮ್ ಆಗಿರುವುದು ಎಂಜಿನ್ ಅಲ್ಲ, ಎಸಿ ಕಂಪ್ರೆಸರ್. ಎಂಜಿನ್ನೇ ಆದರೆ ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಮೂವತ್ತು-ನಲವತ್ತು ಮಿ.ಲೀ. ಎಣ್ಣೆ ಸುರಿದು ಕೆಲವು ದಿನ ಬಿಡಿ. ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿದ್ದ ಸಿಲಿಂಡರಿಗೆ ತೇವದ ಗಾಳಿ ನುಗ್ಗಿರುವುದರಿಂದ ತುಕ್ಕು ಹೆಚ್ಚು ಅಲ್ಲೇ. ಸ್ಟಾರ್ಟರ್ ಒತ್ತಬೇಡಿ, ಗೇರಿಗೆ ಹಾಕಿ ತಳ್ಳಲೂಬೇಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ಮೆಲ್ಲಗೆ ಒತ್ತಿ. ಹಿಮ್ಮುಖವಾಗಿ ಎಳೆದರೆ ಆ ಬೋಲ್ಟೇ ಕಳಚಿಕೊಳ್ಳಬಹುದು. ತಿರುಗಲಾರಂಭಿಸಿ, ಪ್ರತಿ ಸಲ ಒಂದೇ ಜಾಗದಲ್ಲಿ ಕಲ್ಲಿಗೆ ತಾಗಿದಂತೆ ನಿಂತರೆ ಅದು ಬಹುಶಃ ತುಕ್ಕಲ್ಲ, ಸಿಕ್ಕಿಕೊಂಡ ವಾಲ್ವಿಗೆ ಪಿಸ್ಟನ್ ತಾಗುತ್ತಿದೆ. ಒತ್ತಾಯಿಸಿದರೆ ವಾಲ್ವ್ ಬಾಗುತ್ತದೆ.

ಸಲೀಸಾಗಿ ತಿರುಗತೊಡಗಿದ ಮೇಲೂ ಪ್ಲಗ್ ಹಾಕುವ ಮೊದಲು ರಂಧ್ರಗಳಿಗೆ ಬಟ್ಟೆ ಮುಚ್ಚಿ ಕೈಯಿಂದ ಹಲವು ಸುತ್ತು ತಿರುಗಿಸಿ, ಒಳಗುಳಿದ ಎಣ್ಣೆಯೆಲ್ಲ ಹೊರಚಿಮ್ಮಲಿ. ದ್ರವ ಗಾಳಿಯಂತೆ ಕುಗ್ಗುವುದಿಲ್ಲ. ಪ್ಲಗ್ ಮುಚ್ಚಿ ಸ್ಟಾರ್ಟ್ ಮಾಡಿದರೆ ಬಾಗುವುದು ಕನೆಕ್ಟಿಂಗ್ ರಾಡ್. ರಿಂಗುಗಳ ಸಂದಿಯಿಂದ ಕೆಳಗಿಳಿದ ಎಣ್ಣೆ ಸಂಪಿನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ) ಆಯಿಲನ್ನು ತೆಳುವಾಗಿಸಿರುತ್ತದೆ. ಆದ್ದರಿಂದ ಆಯಿಲ್ ಮತ್ತು ಫಿಲ್ಟರ್ ಬದಲಿಸಿಯೇ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಓಡಿಸಿದ ಮೇಲೆ ಇನ್ನೊಮ್ಮೆ ಬದಲಿಸಿ.