ರವಿಕೆಗೆ ಕೂಲಿ ಎಷ್ಟು?

ಬೇಲೂರು ಕಡೆಯ ಒಂದು ಹಳ್ಳಿ. ನಮ್ಮಲ್ಲಿ ಒಂದು ತಿಂಗಳ ಹೊಲಿಗೆ ತರಬೇತಿ ಮುಗಿಸಿದ ಹೆಣ್ಣುಮಗಳೊಬ್ಬಳ ಮನೆಗೆ ಹೋಗಿದ್ದೆ. ಮಷೀನಿನ ಮೇಲೆ ಲೈನಿಂಗ್ ರವಿಕೆ ಇತ್ತು. ತೋಳು ಕೂಡಿಸಿದ ಕಡೆ ಒಂದು ಸುಕ್ಕಿಲ್ಲ.

"ಎಷ್ಟು ತಗೋತೀಯಮ್ಮ?" ಅಂದೆ.

"ನೂರಿಪ್ಪತ್ತು ಮೇಡಂ. ಪಕ್ಕದ ಮನೆಯವರದ್ದು, ಜಾಸ್ತಿ ಹೆಂಗೆ ಕೇಳೋದು?"

ಅಲ್ಲೇ ಕೂತು ಲೆಕ್ಕ ಹಾಕಿದೆವು. ಲೈನಿಂಗ್ ಬಟ್ಟೆಗೆ 50 ರೂಪಾಯಿ, ದಾರ, ಹುಕ್ಕಿಗೆ 8. ಉಳಿದದ್ದು 62. ಕತ್ತರಿಸಿ, ಹೊಲಿದು, ಕೈಯಲ್ಲಿ ಹೆಮ್ಮಿಂಗ್ ಮಾಡಿ ಮುಗಿಸಲು ಮೂರು ಗಂಟೆ. ಅಂದರೆ ದಿನಕ್ಕೆ ಎಂಟು ಗಂಟೆ ಕೂತರೂ 165 ರೂಪಾಯಿ.

"ಅಯ್ಯೋ, ಕಾಫಿ ಹಣ್ಣು ಕೊಯ್ಯೋಕೆ ಹೋದ್ರೇ ವಾಸಿ" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ತಪ್ಪು ನಮ್ಮದು. ತಿಂಗಳಿಡೀ ಕಟಿಂಗ್ ಕಲಿಸಿದ್ದೆವು. ಕೂಲಿ ಎಷ್ಟು ಕೇಳಬೇಕು ಅನ್ನೋದನ್ನು ಕೊನೆಯ ದಿನ, ಸರ್ಟಿಫಿಕೇಟ್ ಹಂಚುವ ಗಡಿಬಿಡಿಯಲ್ಲಿ ಅರ್ಧ ಗಂಟೆ ಹೇಳಿ ಕೈತೊಳೆದುಕೊಂಡಿದ್ದೆವು.

ಈಗ ಎರಡನೇ ದಿನವೇ ಒಂದು ನೋಟ್‌ಬುಕ್ ಕೊಡುತ್ತೇವೆ. ಹೊಲಿದ ಪ್ರತಿ ಬಟ್ಟೆಗೂ ಸಾಮಾನು ಎಷ್ಟು, ಹೊತ್ತು ಎಷ್ಟು ಅಂತ ಬರೆಯಬೇಕು. ಸಾಮಾನಿನ ಲೆಕ್ಕ ಎಲ್ಲರೂ ಪಟಪಟ ಬರೆಯುತ್ತಾರೆ. ಹೊತ್ತಿನ ಸಾಲು ಖಾಲಿ ಬಿಡುತ್ತಾರೆ. ಮನೆಯಲ್ಲಿ ಹೆಂಗಸು ಮಾಡಿದ ಕೆಲಸಕ್ಕೆ ಗಡಿಯಾರ ನೋಡಿದವರು ಯಾರಿದ್ದಾರೆ? ಒಂದೇ ಊರಿನ ಹತ್ತು ಜನ ರವಿಕೆಯನ್ನೇ ಹೊಲಿದರೆ ದರ ಇನ್ನೂ ಇಳಿಯುತ್ತದೆ. ಅದಕ್ಕೆ ಒಬ್ಬರಿಗೆ ಫಾಲ್, ಪಿಕೋ, ಇನ್ನೊಬ್ಬರಿಗೆ ನೈಟಿ, ಮತ್ತೊಬ್ಬರಿಗೆ ಶಾಲೆ ಯೂನಿಫಾರಂ ಆಲ್ಟ್ರೇಷನ್ ಅಂತ ಅವರವರೇ ಮಾತಾಡಿಕೊಂಡು ಹಂಚಿಕೊಳ್ಳಲಿ ಅನ್ನುತ್ತೇನೆ.

ಡಿಸೆಂಬರಿನಲ್ಲಿ ಮಾತ್ರ ಮಲೆನಾಡಿನಲ್ಲಿ ಬ್ಯಾಚ್ ಶುರು ಮಾಡಬೇಡಿ. ಆಗ ಅರೇಬಿಕಾ ಕಾಫಿ ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಕಾಫಿ. ದಿನಗೂಲಿ ಬಿಟ್ಟು ನಮ್ಮ ಕ್ಲಾಸಿಗೆ ಯಾಕೆ ಬರುತ್ತಾರೆ?

ಸಾಲದ ವಿಷಯಕ್ಕೂ ಇದೇ ನೋಟ್‌ಬುಕ್ ಬೇಕು. ಕೈಕಸುಬಿನವರಿಗೆ ಅಂತ 2023ರಲ್ಲಿ ಬಂದ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ ಕೆಲಸವೂ ಸೇರಿದೆ. ಮೊದಲ ಸಲ 1 ಲಕ್ಷದವರೆಗೆ ಸಾಲ, ಬಡ್ಡಿ ಶೇ 5, ತೀರಿಸಲು 18 ತಿಂಗಳು. ಬಡ್ಡಿ ಕಡಿಮೆಯೇ, ಒಪ್ಪುತ್ತೇನೆ. ಆದರೆ ಪೂರ್ತಿ ತಗೊಂಡರೆ ತಿಂಗಳ ಕಂತು 5,700 ದಾಟುತ್ತದೆ. ಒಂದಕ್ಕೆ 62 ರೂಪಾಯಿ ಉಳಿಯುವ ರವಿಕೆಯನ್ನು ತಿಂಗಳಿಗೆ 90ಕ್ಕೂ ಜಾಸ್ತಿ ಹೊಲಿದರೆ ಅದು ಕಂತಿಗೇ ಸರಿಹೋಯಿತು. ಹಾಗಾಗಿ ಮೂರು ತಿಂಗಳು ನೋಟ್‌ಬುಕ್ ಬರೆದು, ಆಮೇಲೆ ಬ್ಯಾಂಕಿಗೆ ಹೋಗಿ ಅನ್ನೋದು ನನ್ನ ಮಾತು. ಸಾಲ ಕೊಡಿಸುವ ಗುರಿ ಮುಟ್ಟುವ ಆತುರ ಇರುವವರಿಗೆ ಈ ಮಾತು ರುಚಿಸುವುದಿಲ್ಲ, ಇರಲಿ.

ಬೇಲೂರು ಕಡೆಯ ಆ ಹೆಣ್ಣುಮಗಳು ಈಗ ಲೈನಿಂಗ್ ಬಟ್ಟೆ ಅವರವರೇ ತರಲಿ ಅಂತಾಳೆ. ಹೊಲಿಗೆ ಕೂಲಿ 180. ಊರಿನವರು ಬರುತ್ತಾರೆ. ಪಕ್ಕದ ಮನೆಯವರು ಮಾತ್ರ ಬೇಲೂರಿಗೆ ಹೋಗಿ ಹೊಲಿಸುತ್ತಾರಂತೆ. ಬಸ್ಸು ಫ್ರೀ ಅಲ್ವಾ.